ಮೈಲೋ ಕ್ಯಾನ್ವಾಸ್ ಮಡಿಕೆಯಲ್ಲಿ ಬಿಳಿ ಗೆರೆ, ಸಹಾಯ ಬೇಕು

ಕರುವನ್ನು ದಿನಾ ಹೊತ್ತು, ಅದು ಹೋರಿಯಾದ ಮೇಲೂ ಹೊತ್ತನೆಂಬ ಕತೆಯ ಕ್ರೋಟನ್‌ನ ಮೈಲೋ, ಪ್ರಾಚೀನ ಗ್ರೀಕರ ಒಲಿಂಪಿಕ್ಸ್ ಕುಸ್ತಿಯಲ್ಲಿ 6 ಸಲ ಗೆದ್ದವನು. ಜಿಮ್ ಗೋಡೆಗೆ ಅವನ ಚಿತ್ರ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿ ಫ್ರೇಮ್‌ಗೆ ಸುತ್ತಿ ಮಡಿಸುವುದು, 24×36 ಇಂಚು. ಫ್ರೇಮ್ ದಪ್ಪ 1.5 ಇಂಚು. ಸುತ್ತಲೂ 2.5 ಇಂಚು ಹೆಚ್ಚು ಬಿಟ್ಟು, 150 ಡಿಪಿಐನಲ್ಲಿ (ಇಂಚಿಗೆ 150 ಚುಕ್ಕಿ) ಫೈಲ್ 4350×6150 ಪಿಕ್ಸೆಲ್. ಅಲ್ಲಿಗೆ ಸರಿ.

ತೊಂದರೆ ಮಡಿಕೆಯದ್ದು. ಹಿನ್ನೆಲೆ ಕಡುಗಪ್ಪು; ಇಕ್ಕಳದಲ್ಲಿ ಎಳೆದು ಸ್ಟೇಪಲ್ ಹೊಡೆದ ಕೂಡಲೇ ಇಂಕ್ ಬಿರಿದು ನೂಲಿನಷ್ಟು ಸಣ್ಣ ಬಿಳಿ ಗೆರೆ. ಕಾಟನ್ ಕ್ಯಾನ್ವಾಸ್, ಪಿಗ್ಮೆಂಟ್ ಇಂಕ್, ವಾರ್ನಿಶ್ 2 ಕೋಟ್, 24 ಗಂಟೆ ಒಣಗಿಸಿದ್ದು. ಮಾರ್ಕರ್ ಹಚ್ಚಿದರೆ ಲೈಟ್ ಬಿದ್ದಾಗ ನೇರಳೆ ಹೊಡೆಯುತ್ತದೆ, ಅದು ಬೇಡ.

ಪಾಲಿ-ಕಾಟನ್‌ಗೆ (ಪಾಲಿಯೆಸ್ಟರ್ ಬೆರೆತ ಕಾಟನ್) ಬದಲಿಸಿದರೆ ನಿಲ್ಲುತ್ತದೆಯೇ, ಅಥವಾ ವಾರ್ನಿಶ್ ಬದಲಿಸಬೇಕೇ? ಅಂಚಿಗೆ ಮಿರರ್ (ಚಿತ್ರದ ಅಂಚನ್ನೇ ಕನ್ನಡಿಯಂತೆ ತಿರುಗಿಸಿ ಮಡಿಕೆಗೆ ತುಂಬುವುದು) ಹಾಕಿದರೆ ಕರುವಿನ ಗೊರಸು ಎರಡೆರಡು ಕಾಣುತ್ತಿದೆ; ಬರೀ ಕಪ್ಪು ಬಿಡೋಣವೇ? ಪ್ರಿಂಟ್ ಮಾಡುವವರು ದಯವಿಟ್ಟು ಹೇಳಿ.