ಸಹಾಯ ಬೇಕು: ಕ್ರೇಟೋಸ್ ಕತ್ತಿಗೆ ಫೋಮ್ ಶೀಟ್ ತುಮಕೂರಲ್ಲಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಮುಂದಿನ ಶನಿವಾರ ಕಾಲೇಜಿನ ವೇಷಭೂಷಣ ಸ್ಪರ್ಧೆಗೆ ಕ್ರೇಟೋಸ್ ಆಗುತ್ತಾನಂತೆ. ಗೊತ್ತಲ್ವಾ, ಗಾಡ್ ಆಫ್ ವಾರ್ ಗೇಮಿನ ಬೋಳುತಲೆಯ ಸ್ಪಾರ್ಟಾ ಯೋಧ. "ಮಾಮ, ಕತ್ತಿ ನೀನೇ ಮಾಡ್ಕೊಡು" ಅಂತ ಗಂಟುಬಿದ್ದಿದ್ದಾನೆ.

ಒಂದಲ್ಲ, ಜೋಡಿ ಕತ್ತಿ: ಬ್ಲೇಡ್ಸ್ ಆಫ್ ಕೇಯಾಸ್. 2005ರ ಮೊದಲ ಗೇಮಿನಲ್ಲಿ ಯುದ್ಧದೇವತೆ ಏರೀಸ್ ಕೊಟ್ಟದ್ದು. ಅದರ ಸರಪಳಿ ಮುಂಗೈಯನ್ನು ಸುಟ್ಟು ಅಂಟಿಕೊಂಡಿರುತ್ತದೆ. 2018ರ ಗೇಮಿನಲ್ಲಿ ಮನೆಯ ನೆಲದಡಿ ಬಚ್ಚಿಟ್ಟಿದ್ದನ್ನು ಹೊರತೆಗೆಯುತ್ತಾನಲ್ಲ, ಅದನ್ನು ನೋಡಿ ನಾನೂ ಮರುಳಾದವನೇ. (ಗ್ರೀಕ್ ಪುರಾಣದ ಕ್ರೇಟೋಸ್ ಬೇರೆ, ಪ್ರೊಮಿಥಿಯಸ್‌ನನ್ನು ಬಂಡೆಗೆ ಬಿಗಿಸಿದವರಲ್ಲಿ ಒಬ್ಬ. ಈ ಕತ್ತಿ ಗೇಮಿನವರ ಕಲ್ಪನೆ.)

ಮೊದಲು ಥರ್ಮಾಕೋಲ್‌ನಲ್ಲಿ ಮಾಡಿದೆ. ಎರಡು ರಾತ್ರಿ ಕೂತು ಕೊರೆದದ್ದು. ಸ್ಪ್ರೇ ಪೇಂಟ್ ಹೊಡೆದ ತಕ್ಷಣ ಕರಗಿ, ಅಲಗು ಇಲಿ ಕಚ್ಚಿದ ರೊಟ್ಟಿ ಥರ ಆಯ್ತು. ಆ ಪೇಂಟಿನಲ್ಲಿರುವ ಸಾಲ್ವೆಂಟ್ ಥರ್ಮಾಕೋಲ್‌ಗೆ ಆಗಿಬರಲ್ಲ ಅಂತ ಆಮೇಲೆ ಗೊತ್ತಾಯ್ತು. ಅಕ್ಕ ನಕ್ಕಿದ್ದು ಬೇರೆ.

ಈಗ ಬೇಕಿರುವುದು 10 ಮಿ.ಮೀ. ಇವಿಎ ಫೋಮ್. ಮಕ್ಕಳು ಆಡುವ ಜಾಗದಲ್ಲಿ ಹಾಸುತ್ತಾರಲ್ಲ, ಆ ಮ್ಯಾಟ್ ಥರದ್ದು. ಮಂಡಿಪೇಟೆ, ಎಂ.ಜಿ. ರಸ್ತೆ ಎರಡೂ ಸುತ್ತಿದೆ. ಎಲ್ಲರೂ ಸೋಫಾಗೆ ಹಾಕುವ ಮೆತ್ತನೆ ಸ್ಪಂಜನ್ನೇ ತೋರಿಸುತ್ತಾರೆ. ಆನ್‌ಲೈನ್‌ನಲ್ಲಿ ಹಾಕಿದರೆ ಸ್ಪರ್ಧೆ ಮುಗಿದ ಮೇಲೆ ಬರುತ್ತೆ.

ಫೋಮ್ ಬಗ್ಗಿಸಲು ಹೀಟ್ ಗನ್ ಯಾರ ಹತ್ತಿರವಾದರೂ ಇದೆಯಾ? ಎರಡು ದಿನಕ್ಕೆ ಸಾಕು, ಬಾಡಿಗೆ ಕೊಡುತ್ತೇನೆ. ಸರಪಳಿ ಮಾತ್ರ ಪ್ಲಾಸ್ಟಿಕ್‌ದೇ ಬೇಕು, ಕಬ್ಬಿಣದ್ದು ಒಳಗೆ ಬಿಡಲ್ಲವಂತೆ. ಕ್ಯಾತ್ಸಂದ್ರದ ಕಡೆ ಇದ್ದರೂ ಪರವಾಗಿಲ್ಲ, ಬಂದು ತಗೊಂಡು ಹೋಗುತ್ತೇನೆ.