ರೆಕಾರ್ಡ್ ಬುಕ್ಕಿನೊಳಗೆ ಕರಪತ್ರ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ ನೆನಪಿರಬಹುದು. ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿರುವ ಗುಬ್ಬಿ ಕಡೆಯ ಹುಡುಗಿ ಬರೆದದ್ದು. ಕ್ರೈಸ್ತರ ಮನೆ. ಪ್ರಾರ್ಥನಾ ಗುಂಪಿನ ಸೀನಿಯರ್‌ಗಳು 'ಕ್ರಿಸ್‌ಮಸ್ ಕೂಟಕ್ಕೆ ಒಬ್ಬೊಬ್ಬರೂ ಒಬ್ಬರನ್ನು ಕರೆತನ್ನಿ' ಎಂದಿದ್ದರು. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಆಕೆ ರೂಮ್‌ಮೇಟ್‌ನ ಕೆಮಿಸ್ಟ್ರಿ ರೆಕಾರ್ಡ್ ಒಳಗೆ ಒಂದು ಕರಪತ್ರ ಇಟ್ಟಳು. ಅದು ಮೊದಲು ಸಿಕ್ಕಿದ್ದು ಸಹಿ ಹಾಕುವ ಮೇಡಂ ಕೈಗೆ. ಲ್ಯಾಬ್ ತುಂಬಾ ನಗು. 'ನಾಲ್ಕು ತಿಂಗಳಿಂದ ನನ್ನ ಜೊತೆ ಮೆಸ್‌ಗೆ ಬರ್ತಿದ್ದದ್ದು ಇದಕ್ಕೇನಾ?' ಎಂದು ಕೇಳಿದ ಗೆಳತಿ ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. 'ಹೇಳದಿದ್ದರೆ ಯೇಸುವಿಗೆ ದ್ರೋಹ, ಹೇಳಿದರೆ ಗೆಳತಿಗೆ. ಏನು ಮಾಡಲಿ?' ಎಂದು ಆಕೆ ಕೇಳಿದ್ದರು. ಉತ್ತರ ಬರೆದವರಲ್ಲಿ ಹೆಸರು ಬೇಡ ಎಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕ, ತುಮಕೂರು

ಮಗೂ, ಮೂವತ್ತು ವರ್ಷ ರೆಕಾರ್ಡ್‌ಗೆ ಸಹಿ ಹಾಕಿದವನು ನಾನು. ಆ ಪುಟಗಳ ನಡುವೆ ಏನೇನು ಸಿಕ್ಕಿಲ್ಲ! ಬಸ್ ಪಾಸು, ಸಿನಿಮಾ ಟಿಕೆಟ್ಟು, ಕುಂಕುಮದ ಪೊಟ್ಟಣ, ಒಂದು ಸಲ ಒಣಗಿದ ಗುಲಾಬಿ. ಗುಲಾಬಿ ಇಟ್ಟ ಹುಡುಗನ ಕಷ್ಟವೂ ನಿನ್ನ ಕಷ್ಟವೂ ಒಂದೇ. ಮುಖ ನೋಡಿ ಹೇಳಲಾಗದ್ದನ್ನು ಕಾಗದದ ಕೈಲಿ ಹೇಳಿಸಲು ಹೋದಿರಿ.

ರೆಕಾರ್ಡ್ ಅಂದರೆ ಅವಳ ಅಂಕ. ಸಾಲ್ಟ್ ಅನಾಲಿಸಿಸ್ ಬರೆದು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಇಂಡೆಕ್ಸ್ ತುಂಬಿ ಸಹಿಗೆ ಇಟ್ಟಿದ್ದಳು. ಅದರೊಳಗೆ ನಿನ್ನ ಚೀಟಿಗೆ ಜಾಗ ಇರಲಿಲ್ಲ. ಅದು ಯೇಸುವಿನದಾದರೇನು, ಟ್ಯೂಷನ್ ಸೆಂಟರಿನದಾದರೇನು. ಮೊದಲು ಅದಕ್ಕೆ ಕ್ಷಮೆ ಕೇಳು. 'ನಿನ್ನ ಕೇಳದೆ ನಿನ್ನ ರೆಕಾರ್ಡ್ ಮುಟ್ಟಿದೆ. ಎಲ್ಲರ ಮುಂದೆ ನಿನಗೆ ಮುಜುಗರ ಆಯ್ತು. ತಪ್ಪಾಯ್ತು.' ಅಷ್ಟೇ ಸಾಕು. 'ಆದರೆ ನಾನು ಯಾಕೆ ಇಟ್ಟೆ ಅಂದ್ರೆ' ಅಂತ ಶುರು ಮಾಡಿದೆಯೋ, ಅವಳು ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ನಾನು ಸಿದ್ಧಗಂಗೆಯ ಹಾಸ್ಟೆಲಿನ ಅನ್ನ ತಿಂದು ಓದಿದವನು. ಪಂಕ್ತಿಯಲ್ಲಿ ಪಕ್ಕ ಕೂತವನ ಜಾತಿ ಯಾವುದು ಅಂತ ಎಷ್ಟೋ ವರ್ಷ ಗೊತ್ತಿರಲಿಲ್ಲ. ನಮಗೆ ಭಕ್ತಿ ಹುಟ್ಟಿದ್ದು ಬಡಿಸುವವರನ್ನು ನೋಡಿ. ನಮ್ಮ ಪುಸ್ತಕದೊಳಗೆ ಯಾರೂ ಏನೂ ಇಟ್ಟಿರಲಿಲ್ಲ.

ಶಾಲಾ ಶಿಕ್ಷಕಿ, ಕೊರಟಗೆರೆ ತಾಲ್ಲೂಕು

ನಾನು ಆ ರೂಮ್‌ಮೇಟ್ ಜಾಗದಲ್ಲಿ ಇದ್ದವಳು. ಅದಕ್ಕೇ ಬರೆಯುತ್ತಿದ್ದೇನೆ.

ಬಿ.ಎಡ್. ಓದುವಾಗ ನನ್ನ ಪಕ್ಕದ ಮಂಚ ಕೆಜಿಎಫ್ ಹುಡುಗಿಯದು. ಗಣಿ ಕೆಲಸದವರ ಮೊಮ್ಮಗಳು, ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ರಾತ್ರಿ ಲೈಟ್ ಆರಿಸಿದ ಮೇಲೆ ಹೊದಿಕೆಯೊಳಗೆ ಮೊಬೈಲ್ ಬೆಳಕಿನಲ್ಲಿ ಬೈಬಲ್ ಓದುತ್ತಿದ್ದಳು. ಹೊದಿಕೆ ಒಳಗಿನಿಂದ ಹಳದಿಯಾಗಿ ಕಾಣುತ್ತಿತ್ತು. ಮೊದಮೊದಲು ಯಾರೋ ಹುಡುಗನ ಜೊತೆ ಚಾಟ್ ಮಾಡ್ತಾಳೆ ಅಂದುಕೊಂಡಿದ್ದೆ! ಒಂದು ದಿನ ಕೇಳಿಯೇಬಿಟ್ಟೆ. ನಕ್ಕು ತೋರಿಸಿದಳು, ಅಷ್ಟೇ. ಪಾಠ ಮಾಡಲಿಲ್ಲ.

ಅಪ್ಪನಿಗೆ ಹಾರ್ಟ್ ಆಪರೇಷನ್ ಅಂತ ಫೋನ್ ಬಂದ ರಾತ್ರಿ ಅವಳು 'ನಿಮ್ಮಪ್ಪನಿಗೋಸ್ಕರ ಪ್ರಾರ್ಥನೆ ಮಾಡಲಾ? ಜೋರಾಗಿ ಬೇಡ ಅಂದ್ರೆ ಮನಸ್ಸಲ್ಲೇ ಮಾಡ್ತೀನಿ' ಅಂದಳು. ಆ 'ಮಾಡಲಾ' ಅಂತ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಜೋರಾಗೇ ಮಾಡು ಅಂದೆ. ನಾನು ಮತ ಬದಲಿಸಿಲ್ಲ. ಅಪ್ಪ ಹುಷಾರಾದ ಮೇಲೆ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ತೀರಿಸಿದೆವು, ಅವಳೂ ಬಂದಿದ್ದಳು. ಹೊರಗೆ ಚಪ್ಪಲಿ ಕಾಯುತ್ತೀನಿ ಅಂತ ನಿಂತಳು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅವಳ ನಂಬಿಕೆ ಅವಳದು.

ಒಂದು ಮಾತು ಕೇಳಬೇಕು. ಆ ಕರಪತ್ರವನ್ನು ನೀವು ಪೂರ್ತಿ ಓದಿದ್ದೀರಾ? ಬಸ್ ಸ್ಟ್ಯಾಂಡಿನಲ್ಲಿ ನನಗೊಂದು ಸಿಕ್ಕಿತ್ತು. ಮೊದಲ ಪುಟದಲ್ಲಿ ಪ್ರೀತಿ, ಮೂರನೇ ಪುಟದಲ್ಲಿ ನಮ್ಮ ದೇವರು ಬರೀ ಕಲ್ಲು ಅಂತ. ನಿಮ್ಮ ಗೆಳತಿಗೆ ಸಿಕ್ಕಿದ್ದೂ ಅಂಥದ್ದೇ ಆಗಿದ್ದರೆ ಅವಳ ಸಿಟ್ಟು ರೆಕಾರ್ಡಿನ ವಿಷಯಕ್ಕಷ್ಟೇ ಅಲ್ಲ.

ಪೋಷಕ, ಮಧುಗಿರಿ

ನಾವು ಮಕ್ಕಳನ್ನು ಓದೋಕೆ ಕಳಿಸಿದ್ದೇವೆ. ಹಾಸ್ಟೆಲ್ ಫೀಸು ಕಟ್ಟೋಕೆ ಹುಣಸೆಹಣ್ಣು ಯಾವಾಗ ಮಾರುತ್ತೆ ಅಂತ ಕಾಯೋರು ನಾವು. ಅವರು ಯಾವ ದೇವರನ್ನು ನಂಬಬೇಕು ಅಂತ ರೂಮಿನಲ್ಲಿ ಇನ್ನೊಬ್ಬರು ಹೇಳಿಕೊಡುವುದು ಬೇಡ. ನಮ್ಮ ಹುಡುಗರು ಬೇರೆಯವರ ಮೇಲೆ ಜೈಕಾರ ಹೇರುವುದೂ ಬೇಡ, ಅದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇಷ್ಟೇ ನನ್ನ ಮಾತು.

ಬ್ಯಾಂಕ್ ಉದ್ಯೋಗಿ, ಚಿಂತಾಮಣಿ

ತಂಗಿ, ಆ 'ಒಬ್ಬೊಬ್ಬರೂ ಒಬ್ಬರನ್ನು' ಲೆಕ್ಕ ನನಗೆ ಚೆನ್ನಾಗಿ ಗೊತ್ತು. ತುಮಕೂರಿನಲ್ಲಿ ಓದುವಾಗ ನಾನೂ ಅಂಥ ಗುಂಪಿನಲ್ಲಿದ್ದೆ. ಗುಂಪಿನ ಹೆಸರು ಬೇಡ. ಶನಿವಾರ ಸಂಜೆ ಒಂದು ಹಾಳೆ ತುಂಬಬೇಕಿತ್ತು. ಈ ವಾರ ಎಷ್ಟು ಜನರ ಹತ್ತಿರ ಮಾತಾಡಿದೆ, ಎಷ್ಟು ಜನ ಪ್ರಾರ್ಥನೆ ಮಾಡಿದರು. ಸೊನ್ನೆ ಬರೆದರೆ ಯಾರೂ ಬೈಯುತ್ತಿರಲಿಲ್ಲ, ಆದರೆ ಅಯ್ಯೋ ಪಾಪ ಅನ್ನೋ ಹಾಗೆ ನೋಡುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ. ಈಗ ಬ್ಯಾಂಕಿನಲ್ಲಿ ಇನ್ಶೂರೆನ್ಸ್ ಟಾರ್ಗೆಟ್ ಕೊಟ್ಟಾಗ ಆ ಹಾಳೆಯೇ ನೆನಪಾಗುತ್ತದೆ.

ನಾಲ್ಕು ಅಂಶ ಬಾಯಿಪಾಠ ಮಾಡಿಸಿದ್ದರು. ದೇವರು ನಿನ್ನನ್ನು ಪ್ರೀತಿಸುತ್ತಾನೆ ಅನ್ನುವಲ್ಲಿ ಶುರು, ಕೊನೆಗೆ ಒಂದು ಪ್ರಾರ್ಥನೆ. ಈ ದಾರಿ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಬೆಳೆದದ್ದು. 1951ರಲ್ಲಿ ಬಿಲ್ ಬ್ರೈಟ್ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ ಕ್ರುಸೇಡ್ ಅನ್ನುವ ಕ್ರೈಸ್ತ ಪ್ರಚಾರ ಸಂಘ ಶುರು ಮಾಡಿದರು. ಅಲ್ಲಿನ ಹುಡುಗರು ಹುಲ್ಲಿನ ಮೇಲೆ ಆರಾಮಾಗಿ ಕೂತಿರುತ್ತಾರೆ, ಅಪರಿಚಿತ ಬಂದು ಮಾತಾಡಿಸಿದರೆ ಹತ್ತು ನಿಮಿಷ ಕೊಡಬಹುದು. ನಮ್ಮ ಹುಡುಗರು ಕೊನೇ ಪಿರಿಯಡ್ ಬೆಲ್ ಹೊಡೆದರೆ ಪಾವಗಡ ಬಸ್ಸಿಗೆ ಓಡುತ್ತಾರೆ. ಓಡುವವರ ಹಿಂದೆ ನಾನೂ ಓಡಿ ಎರಡನೇ ಅಂಶದವರೆಗೆ ಹೇಳಿದ್ದುಂಟು! ನಮ್ಮ ದೇಶದಲ್ಲಿ ವಿದ್ಯಾರ್ಥಿಗಳ ಹಳೆಯ ಸಂಘಗಳೂ ಇವೆ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರದ್ದು, ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಯೂನಿಯನ್ 1954ರದ್ದು. ನಾಲ್ಕು ಜನ ಕೂತು ಸತ್ಯವೇದದ, ಅಂದರೆ ಬೈಬಲ್‌ನ, ಒಂದು ಭಾಗ ಓದಿ, ಅರ್ಥವಾಗದ್ದನ್ನು ಜಗಳವಾಡುವ ಅಭ್ಯಾಸ ಅಂಥ ಕಡೆ ಸಿಗುತ್ತದೆ. ನನಗೆ ಅದೇ ಹಿಡಿಸಿದ್ದು.

ಈಗ ಮುಖ್ಯ ವಿಷಯ. ನನ್ನ ಹಾಳೆಯಲ್ಲಿ ಒಂದು ಸಲ ನಿಜವಾಗಿಯೂ 'ಒಂದು' ಅಂತ ಬರೆದೆ. ಪರಿಶಿಷ್ಟ ಜಾತಿ ಹಾಸ್ಟೆಲ್‌ನಲ್ಲಿದ್ದ ಗೆಳೆಯ. ಅವನೇ ಬಂದು ದೀಕ್ಷಾಸ್ನಾನ, ಅಂದರೆ ಕ್ರೈಸ್ತನಾಗುವ ಸಂಸ್ಕಾರ, ಬೇಕು ಅಂದ. ಗುಂಪಿನಲ್ಲಿ ಹಬ್ಬ. ಯಾರಿಗೂ ಒಂದು ಪ್ರಶ್ನೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ಒಬ್ಬ ವಯಸ್ಸಾದ ಅಯ್ಯನವರಿಗೆ, ಅಂದರೆ ಚರ್ಚಿನ ಪಾದ್ರಿಗೆ. ಅವರು ಅವನನ್ನು ಕೂರಿಸಿಕೊಂಡು, 'ನಿನ್ನ ಜಾತಿ ಸರ್ಟಿಫಿಕೇಟ್ ಏನಾಗುತ್ತೆ ಗೊತ್ತೇನಪ್ಪಾ?' ಎಂದರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದವರು ಸೇರಿಲ್ಲ. ನಮ್ಮ ರಾಜ್ಯದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹೋಗುತ್ತಾರೆ. ಅಂದರೆ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್, ಮುಂದೆ ಕೆಲಸದ ಮೀಸಲಾತಿ, ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಇದು ನ್ಯಾಯವೇ ಅಂತ ಕೇಳಿದರೆ ನನಗೆ ಅಲ್ಲ ಅನಿಸುತ್ತದೆ. ಆದರೆ ಅದು ಇರುವ ಸಂಗತಿ. ಅಯ್ಯನವರು 'ಊರಿಗೆ ಹೋಗಿ ಅಮ್ಮನಿಗೆ ಹೇಳು. ಡಿಗ್ರಿ ಮುಗಿಸು. ಆಮೇಲೂ ಬೇಕು ಅನಿಸಿದರೆ ಬಾ, ನಾನು ಬದುಕಿದ್ದರೆ ನಾನೇ ಕೊಡ್ತೀನಿ' ಅಂದು ಕಳಿಸಿದರು.

ಅವನು ತೆಗೆದುಕೊಳ್ಳಲಿಲ್ಲ. ಈಗ ಸರ್ಕಾರಿ ಕೆಲಸದಲ್ಲಿದ್ದಾನೆ. ಡಿಸೆಂಬರ್ 25ಕ್ಕೆ ಬೆಳಿಗ್ಗೆಯೇ ಫೋನ್ ಮಾಡಿ 'ಕೇಕ್ ಎಲ್ಲೋ?' ಅಂತಾನೆ. ಆ ಶನಿವಾರ ನಾನು ಹಾಳೆಯಲ್ಲಿ ಒಂದನ್ನು ಹೊಡೆದು ಸೊನ್ನೆ ಮಾಡಿದ್ದೆ. ಆಮೇಲೆ ಹಾಳೆ ತುಂಬುವುದನ್ನೇ ಬಿಟ್ಟೆ, ಚರ್ಚಿನ ಸಭೆಗೆ ಹೋಗುವುದನ್ನು ಬಿಡಲಿಲ್ಲ.

ವಕೀಲ, ಕೋಲಾರ

ಕಾನೂನಿನ ಮಾತು ಯಾರೂ ಹೇಳದಿದ್ದರೆ ಎಂದು ಬರೆಯುತ್ತಿದ್ದೇನೆ. ಸಂವಿಧಾನದ 25ನೇ ವಿಧಿ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 'ನಾನು ಕ್ರೈಸ್ತಳು, ನನ್ನ ನಂಬಿಕೆ ಹೀಗೆ' ಎಂದು ಗೆಳತಿಗೆ ಹೇಳಿದ್ದು ಅಪರಾಧವೇ ಅಲ್ಲ. ಹೆದರಬೇಡಿ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ.

ನಮ್ಮ ರಾಜ್ಯದಲ್ಲಿ 2022ರ ಕಾಯ್ದೆ ಬಂತು. ಬಲವಂತ, ವಂಚನೆ, ಆಮಿಷ ಇತ್ಯಾದಿಯಿಂದ ಮತಾಂತರ ಮಾಡಿದರೆ ಶಿಕ್ಷೆ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಾದರೆ 3ರಿಂದ 10 ವರ್ಷ. ಸಂಬಂಧಿಕರಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಕಾನೂನಲ್ಲ, ಅದನ್ನು ನಂಬಿ ಠಾಣೆಯಲ್ಲಿ ವಾದಕ್ಕೆ ನಿಲ್ಲಬೇಡಿ. ಪಿಯುಸಿ ಮಕ್ಕಳ ಹತ್ತಿರ ಈ ವಿಷಯ ಎತ್ತಲೇಬೇಡಿ. ಕರಪತ್ರದ ಜೊತೆ ನೋಟ್ಸು, ಫೀಸು, ಉಡುಗೊರೆ ಯಾವುದನ್ನೂ ಜೋಡಿಸಬೇಡಿ. ಸರ್ಕಾರಿ ಕಾಲೇಜಾದರೆ ಪ್ರಿನ್ಸಿಪಾಲರ ಅನುಮತಿ ಇಲ್ಲದೆ ಕ್ಲಾಸ್‌ರೂಮಿನಲ್ಲಿ ಕೂಟ ಸೇರಿಸಬೇಡಿ.

ಹಬ್ಬದ ಕಜ್ಜಾಯ ಆಮಿಷವೇ ಎಂದು ನನ್ನ ಕಕ್ಷಿದಾರರೊಬ್ಬರು ಕೇಳಿದ್ದರು. ನಮ್ಮ ಮನೆಗೂ ಒಂದು ಡಬ್ಬ ಕಳಿಸಿ, ನೋಡಿ ಹೇಳುತ್ತೇನೆ ಎಂದೆ.

ಅಯ್ಯನವರ ಮನೆಯವರು, ಗುಬ್ಬಿ ತಾಲ್ಲೂಕು

ಮಗಳೇ, ನೀನು 'ದ್ರೋಹ' ಅನ್ನುವ ಪದ ಬರೆದದ್ದು ನೋಡಿ ಸಂಕಟವಾಯಿತು. ಯಾರು ನಿನ್ನ ತಲೆಗೆ ಹಾಕಿದರು ಅದನ್ನ? ಪೇತ್ರನ ಮೊದಲನೇ ಪತ್ರ ಮೂರನೇ ಅಧ್ಯಾಯ ಹದಿನೈದನೇ ವಚನ ತೆಗೆದು ನೋಡು. ನಿಮ್ಮ ನಿರೀಕ್ಷೆಗೆ ಆಧಾರ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧವಾಗಿರಿ ಅಂತಿದೆ. ಅದೂ ಸಾತ್ವಿಕವಾಗಿ. ಕೇಳಿದರೆ ಅನ್ನುವುದನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

ನಮ್ಮ ಗುಬ್ಬಿಗೆ ವೆಸ್ಲಿಯನ್ ಪಂಗಡದ ಮಿಷನರಿಗಳು ಬಂದದ್ದು 1830ರ ದಶಕದ ಕೊನೆಯಲ್ಲಿ. ನಮ್ಮ ಚರ್ಚಿಗೆ ಹೆಸರಿರುವ ವಿಲಿಯಂ ಆರ್ಥರ್ ಇಲ್ಲಿ ಎರಡು ವರ್ಷವೂ ಸರಿಯಾಗಿ ಇರಲಿಲ್ಲ, ಕಣ್ಣು ಕೆಟ್ಟು ವಾಪಸ್ ಹೋದರು. ಬಂದವರು ಮೊದಲು ಮಾಡಿದ ಕೆಲಸ ಏನು ಹೇಳು? ಕನ್ನಡ ಕಲಿತದ್ದು. ಅವರಿಗೂ ಮೊದಲು ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿದರು. ನಿನಗೆ ಕ್ರಿಸ್‌ಮಸ್ ಒಳಗೆ ಆಗಬೇಕು ಅಂತ ಯಾಕೆ ಅವಸರ?

ಇನ್ನೊಂದು. ಅವಳ ದೇವರ ಬಗ್ಗೆ ನೀನು ಎಂದಾದರೂ ಕೇಳಿದ್ದೀಯಾ? ಅವಳ ಮನೆ ದೇವರು ಯಾರು, ಜಾತ್ರೆ ಯಾವಾಗ, ಅವಳ ಅಜ್ಜಿ ಸೋಮವಾರ ಯಾಕೆ ಉಪವಾಸ ಇರ್ತಾರೆ? ನಾಲ್ಕು ತಿಂಗಳು ಒಟ್ಟಿಗೆ ಊಟ ಮಾಡಿದ್ದೀರಲ್ಲ. ಅವಳು ಪ್ರಸಾದ ಕೊಟ್ಟರೆ ಏನು ಮಾಡಬೇಕು ಅಂತ ಸೀನಿಯರ್‌ಗಳನ್ನು ಕೇಳಲು ಹೋಗಬೇಡ, ನಿನ್ನ ಮನಸ್ಸಾಕ್ಷಿ ಒಪ್ಪಿದ ಹಾಗೆ ಮಾಡು. ತಿನ್ನದಿದ್ದರೂ ಮುಖ ಮಾತ್ರ ಸಿಂಡರಿಸಬೇಡ.

ಅವಳು ಮಾತಾಡಿದ ಮೇಲೆ, ಅವಳಿಗೆ ಇಷ್ಟವಿದ್ದರೆ ಹಬ್ಬಕ್ಕೆ ಮನೆಗೆ ಕರೆದುಕೊಂಡು ಬಾ. ಕೂಟಕ್ಕಲ್ಲ, ಮನೆಗೆ. ಅವರಮ್ಮನಿಗೂ ಫೋನ್ ಮಾಡಿ ಹೇಳು. ಸಸ್ಯಾಹಾರಿಯೋ ಅಂತ ಮೊದಲೇ ಕೇಳಿಕೋ, ನಮ್ಮ ಹಬ್ಬದ ದಿನ ಅಡುಗೆಮನೆ ತುಂಬ ಮಟನ್ ವಾಸನೆ.

ಡಿಪ್ಲೊಮಾ ಮುಗಿಸಿದವನು, ಬಂಗಾರಪೇಟೆ

ಎಲ್ಲರೂ ಕಾಯಿರಿ, ಕೇಳಿದರೆ ಹೇಳಿ ಅಂತಾನೇ ಬರೆಯುತ್ತಾರೆ ಅಂತ ಗೊತ್ತು. ನನ್ನ ಅನುಭವ ಬೇರೆ. ನಾನು ಏನೂ ಕೇಳಿರಲಿಲ್ಲ.

ಮೂರನೇ ಸೆಮಿಸ್ಟರ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಬಾಕಿ. ಮನೆಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಮಾರಿಕುಪ್ಪಂ ಗಾಡಿ ಹೋಯಿತು, ಹತ್ತಲಿಲ್ಲ. ಇನ್ನೊಂದು ಬಂತು, ಅದಕ್ಕೂ ಹತ್ತಲಿಲ್ಲ. ಮುಖ ಪರಿಚಯ ಮಾತ್ರ ಇದ್ದ ಸೀನಿಯರ್ ಒಬ್ಬ ಬಂದು ಪಕ್ಕದಲ್ಲಿ ಕೂತ. 'ಏನೋ ಸರಿ ಇಲ್ಲ ಅನಿಸುತ್ತೆ. ನಾನು ಯೇಸುವನ್ನು ನಂಬೋನು. ನಿನಗೋಸ್ಕರ ಪ್ರಾರ್ಥನೆ ಮಾಡಲಾ?' ಅಂದ. ಸಿಟ್ಟು ಬಂತು. ಬೇಡ ಅಂದೆ. ಸರಿ ಅಂದ. ಎದ್ದು ಹೋಗಲಿಲ್ಲ.

ನಾನು ಈಗ ಚರ್ಚಿನ ಸಭೆಗೆ ಹೋಗುತ್ತೇನೆ. ಅಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು, ಅಪ್ಪನ ಜೊತೆ ಜಗಳವೂ ಆಯಿತು, ಅದೆಲ್ಲ ಬೇರೆ ಕಥೆ. ನಾನಾಗೇ ಕೇಳುವವರೆಗೆ ಅವನು ಕಾದಿದ್ದರೆ ನಾನು ಅವತ್ತು ಏನು ಮಾಡಿಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಹಾಗಾಗಿ ಮಾತಾಡಬೇಡಿ ಅಂತ ನಾನು ಹೇಳಲಾರೆ. ಆದರೆ ಅವನ ಕೈಯಲ್ಲಿ ಕರಪತ್ರ ಇರಲಿಲ್ಲ. ಕೋಲಾರದ ಕೊನೇ ಬಸ್ಸು ತಪ್ಪಿಸಿಕೊಂಡು ಎರಡು ಗಂಟೆ ಸುಮ್ನೆ ಕೂತಿದ್ದ. ಆಮೇಲೆ ಹೊರಗೆ ಹೋಗಿ ಪಾನಿಪುರಿ ತಿಂದೆವು. ದುಡ್ಡು ನಾನೇ ಕೊಟ್ಟೆ.