ಅಪ್‌ಡೇಟ್: ಅಮ್ಮನ ಪಿತ್ತಕೋಶದ ಆಪರೇಷನ್ ಆಯ್ತು

ಊಟ ಆದ ಮೇಲೆ ಅಮ್ಮನಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ, ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿದೆ, ಮಾತ್ರೆಯಲ್ಲೇ ಕರಗುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಾವು ತೀರ್ಮಾನ ಮಾಡುವ ಮೊದಲೇ ನೋವು ಜೋರಾಯಿತು. ಮದುವೆ ಊಟ ಮಾಡಿ ಬಂದ ರಾತ್ರಿ ಶುರುವಾದದ್ದು ಬೆಳಗಾದರೂ ಇಳಿಯಲಿಲ್ಲ. ಬಲ ಭುಜಕ್ಕೂ ಹಿಡಿದುಕೊಂಡಿತ್ತು, ಜೊತೆಗೆ ಚಳಿಜ್ವರ. ಡಾಕ್ಟರ್ ಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ ಹಿಡಿದು, "ಉಸಿರು ಎಳ್ಕೊಳ್ಳಿ ಅಮ್ಮ" ಅಂದರು. ಅರ್ಧ ಎಳೆಯುವಷ್ಟರಲ್ಲೇ ಅಮ್ಮನ ಉಸಿರು ಗಕ್ಕನೆ ನಿಂತಿತು. ಆ ಮುಖ ಇನ್ನೂ ಕಣ್ಮುಂದೆ ಇದೆ. ಕಲ್ಲು ಪಿತ್ತಕೋಶದ ಬಾಯಲ್ಲಿ ಸಿಕ್ಕಿಕೊಂಡು ಊತ ಬಂದಿದೆ ಅಂದರು. ಮಾತ್ರೆ ಕೆಲಸ ಮಾಡುವುದು ಕೆಲವು ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳಿಗೆ ಮಾತ್ರ, ಅದಕ್ಕೂ ತಿಂಗಳುಗಟ್ಟಲೆ ಬೇಕು. ಕರಗಿದರೂ ಮತ್ತೆ ಬರಬಹುದಂತೆ.

ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಕೊಟ್ಟು, ಮರುದಿನವೇ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು, ಪಿತ್ತಕೋಶವನ್ನೇ ತೆಗೆದರು. 4 ಸಣ್ಣ ತೂತು, ಅಷ್ಟೆ. ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ತೋರಿಸಿದರು. ಕಡಲೆಕಾಳಿನ ಗಾತ್ರ, ಹಳದಿ ಮಿಶ್ರಿತ ಕಂದು ಬಣ್ಣ, ಅಲ್ಲಾಡಿಸಿದರೆ ಗಲಗಲ.

ಪಿತ್ತಕೋಶ ಇಲ್ಲದೆ ಜೀರ್ಣ ಆಗುವುದು ಹೇಗೆ ಅಂತಲೂ ಕೇಳಿದ್ದೆ ಅಲ್ವಾ? ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ. ಈಗ ರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ಮೊದಲ ವಾರ ಸ್ವಲ್ಪ ಭೇದಿ ಇತ್ತು, ಈಗಿಲ್ಲ.

ಒಂದೇ ಬೇಜಾರು. 2 ವರ್ಷ ಇದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ನೆ ಜೀರಿಗೆ ಕಷಾಯ ಕೊಡುತ್ತಾ ಕೂತಿದ್ದೆವು. ಇಂಥ ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ದಯವಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ನಿನ್ನೆ ರಾತ್ರಿ ಅಮ್ಮ ಮುದ್ದೆ, ಸೊಪ್ಪಿನ ಸಾರು ಉಂಡು ನೆಮ್ಮದಿಯಾಗಿ ಮಲಗಿದಳು.